ಮೂತ್ರಪಿಂಡ ಸೋತವರಿಗೆ ಶಕ್ತಿಯ ಪುಡಿ ಬೇಕೆ?



ಗುರುವಾಯನಕೆರೆ ಪೇಟೆಗೆ ಬರುವ ಸದಸ್ಯರು ನಮ್ಮ ಕಚೇರಿಯ ಬೆಂಚಿನಲ್ಲಿ ಕುಳಿತರೆ, ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಆರೋಗ್ಯದ ಮಾತು ಬರುವುದು ವಾಡಿಕೆ. ಈಚೆಗೆ ಆ ಮಾತಿನಲ್ಲಿ ‘ಕ್ರಿಯಾಟಿನಿನ್’ ಎಂಬ ಶಬ್ದ ಕೊಳೆರೋಗದಷ್ಟೇ ಪರಿಚಿತವಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಲವು ವರ್ಷ ಇದ್ದವರಲ್ಲಿ ಮೂತ್ರಪಿಂಡಗಳು ಸದ್ದಿಲ್ಲದೆ ಸೋಲುವುದುಂಟು. ಅಂಥವರ ಮನೆಯವರು ಕೇಳುವ ಪ್ರಶ್ನೆ ಒಂದೇ: “ತುಂಬಾ ಸುಸ್ತು, ಶಕ್ತಿಗೆ ಏನು ಕೊಡಬಹುದು?”

ಈ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟವರು ನಾವು. ನಮ್ಮ ಅಣ್ಣನವರಿಗೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತಿದೆ ಎಂದು ತಿಳಿದ ವರ್ಷ, ಬೇಸಗೆಯಲ್ಲಿ, ದಿನಕ್ಕೆರಡು ಬೊಂಡ ಕೆತ್ತಿ ಕೊಟ್ಟವರು ನಾವೇ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ‘ಕಡಿಮೆ ಸೋಡಿಯಂ’ ಉಪ್ಪಿನ ಪೊಟ್ಟಣ ತಂದವರೂ ನಾವೇ. ಮೂರನೆಯ ವಾರ ಅವರಿಗೆ ಅಂಗಳದ ಮೆಟ್ಟಿಲು ಹತ್ತಲು ಕಾಲಿನಲ್ಲಿ ಬಲವಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿ ಹೃದಯದ ಬಡಿತವೇ ತಪ್ಪುತ್ತಿತ್ತು. ಅದೇ ರಾತ್ರಿ ಡಯಾಲಿಸಿಸ್ ಮಾಡಿ ಉಳಿಸಿದರು. “ಏನೇನು ಕೊಡುತ್ತಿದ್ದಿರಿ?” ಎಂದು ಡಾಕ್ಟರರು ಕೇಳಿದಾಗ ನಾವು ತಲೆತಗ್ಗಿಸಿ ಪಟ್ಟಿ ಹೇಳಬೇಕಾಯಿತು.

ತೋಟದ ಪೊಟ್ಯಾಷ್, ಊಟದ ಪೊಟ್ಯಾಷ್

ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಪೊಟ್ಯಾಷ್‌ಗಾಗಿ ನಾವು ಬುಡಕ್ಕೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಬೆರೆಸಿರುವುದೂ ಅದನ್ನೇ. ಬೊಂಡದ ನೀರಿನಲ್ಲಿ 100 ಮಿಲಿಲೀಟರಿಗೆ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ.

ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ಉಳಿಸಿ, ಹೆಚ್ಚಿನದನ್ನು ಹೊರಹಾಕುತ್ತವೆ. ಬಸಿಗಾಲುವೆ ಚೆನ್ನಾಗಿರುವ ತೋಟಕ್ಕೆ ಎಷ್ಟು ಮಳೆ ಬಂದರೂ ಭಯವಿಲ್ಲ. ಕಾಲುವೆ ಮುಚ್ಚಿದ ತೋಟಕ್ಕೆ ಒಂದು ದಿನದ ಮಳೆಯೇ ಸಾಕು. ಮೂತ್ರಪಿಂಡ ಸೋತವರ ಸ್ಥಿತಿಯೂ ಹೀಗೆಯೇ. ಇತರರಿಗೆ ಪೌಷ್ಟಿಕವಾದುದು ಅವರ ಮೈಯಲ್ಲಿ ನಿಂತು ವಿಷವಾಗಬಹುದು. ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ 2025ರ ಜನವರಿಯಲ್ಲಿ ಸಲಹೆ ನೀಡಿದ ವಿಶ್ವ ಆರೋಗ್ಯ ಸಂಸ್ಥೆಯು, ಅದು ಮೂತ್ರಪಿಂಡದ ತೊಂದರೆಯಿರುವವರಿಗೆ ಅನ್ವಯಿಸದು ಎಂದು ಸ್ಪಷ್ಟಪಡಿಸಿದೆ.

ಹಿತ್ತಿಲಿನ ಹುಳಿಗಳು

ನಮ್ಮ ಹಿತ್ತಿಲಿನ ಬಿಂಬುಳಿಯನ್ನೇ ನೋಡಿ. ಸಾರಿಗೆ, ಉಪ್ಪಿನಕಾಯಿಗೆ ನಾಲ್ಕಾರು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಹಿಂಡಿ ಕುಡಿಯುವುದು ಬೇರೆ. ನೆರೆಯ ಕೇರಳದಲ್ಲಿ ಇದಕ್ಕೆ ಇರುಂಬನ್ ಪುಳಿ ಎಂದು ಹೆಸರು. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸ ಕುಡಿದ 10 ಮಂದಿಯ ಮೂತ್ರಪಿಂಡ ಹಠಾತ್ತನೆ ಕೆಲಸ ನಿಲ್ಲಿಸಿದ ಸಂಗತಿಯನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ರಸದಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಮೂತ್ರಪಿಂಡದ ನಳಿಕೆಗಳಲ್ಲಿ ಕೂತುಬಿಡುತ್ತದೆ.

ಅದೇ ಕುಲದ ದಾರೆಹುಳಿ ಇನ್ನೂ ಅಪಾಯಕಾರಿ. ಮೂತ್ರಪಿಂಡದ ರೋಗಿಗಳು ಇದನ್ನು ತಿಂದರೆ ನಿಲ್ಲದ ಬಿಕ್ಕಳಿಕೆ, ಬುದ್ಧಿಭ್ರಮೆ, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಇದಕ್ಕೆ ಕಾರಣವಾದ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಗುರುತಿಸಿದರು. ಇವರಿಗೆ ದಾರೆಹುಳಿ ಒಂದು ಹೋಳೂ ಬೇಡ.

ಬೇರು, ಪುಡಿ, ಡಬ್ಬಿ

ನಾಟಿ ಮದ್ದನ್ನು ಹಳಿಯುವ ಉದ್ದೇಶ ನಮ್ಮದಲ್ಲ. ಆದರೆ ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯಕಾರಿ ಎಂಬ ನಂಬಿಕೆ ಸರಿಯಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಕರಗಿಸುವ ಮೂಲಿಕೆ ಪುಡಿ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಶಾಶ್ವತವಾಗಿ ನಾಶವಾದವು. ಕಾರಣ, ಅರಿಸ್ಟೊಲೋಕಿಯ ಎಂಬ ಸಸ್ಯದ ಆಮ್ಲ. ನಮ್ಮಲ್ಲಿ ಹಾವಿನ ವಿಷಕ್ಕೆಂದು ಹೆಸರಾದ ಈಶ್ವರ ಬೇರು ಇದೇ ಕುಲದ್ದು.

ಪ್ರೋಟೀನ್ ಪುಡಿಯ ಡಬ್ಬಿಯ ಕಥೆ ಬೇರೆ. ಅದು ಸ್ವತಃ ವಿಷವಲ್ಲ, ಆದರೆ ರೋಗದ ಹಂತ ನೋಡದೆ ಕೊಡುವಂಥದ್ದಲ್ಲ. ಡಯಾಲಿಸಿಸ್ ಹಂತಕ್ಕೆ ಬಾರದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕೆನ್ನುತ್ತಾರೆ. 60 ಕಿಲೋ ತೂಕದವರಿಗೆ ಇದು 48 ಗ್ರಾಂ. ಡಯಾಲಿಸಿಸ್‌ನಲ್ಲಿರುವವರಿಗಾದರೋ 1.0ರಿಂದ 1.2 ಗ್ರಾಂ ಬೇಕು, ಅಂದರೆ ಅದೇ ತೂಕಕ್ಕೆ 60ರಿಂದ 72 ಗ್ರಾಂ. ಒಬ್ಬರಿಗೆ ಡಾಕ್ಟರರೇ ಬರೆದುಕೊಟ್ಟ ಡಬ್ಬಿ ಪಕ್ಕದ ಮನೆಯವರಿಗೆ ಹೊರೆಯಾಗಬಹುದು.

ಹಾಗಾದರೆ ಬೇಕಾದುದು ಯಾವುದು?

ಸುಸ್ತಿಗೆ ಮುಖ್ಯ ಕಾರಣಗಳಲ್ಲಿ ರಕ್ತಹೀನತೆ ಒಂದು. ರಕ್ತ ಉತ್ಪತ್ತಿಗೆ ಪ್ರೇರಣೆ ಕೊಡುವ ಹಾರ್ಮೋನು ಮೂತ್ರಪಿಂಡದಲ್ಲೇ ತಯಾರಾಗುವುದರಿಂದ, ಅದು ಸೋತಾಗ ಬರೀ ಟಾನಿಕ್‌ನಿಂದ ರಕ್ತ ಏರದು. ಕಬ್ಬಿಣಾಂಶ, ಅಗತ್ಯವಿದ್ದರೆ ಆ ಹಾರ್ಮೋನಿನ ಚುಚ್ಚುಮದ್ದು, ಇವನ್ನು ರಕ್ತಪರೀಕ್ಷೆ ನೋಡಿಯೇ ಕೊಡುತ್ತಾರೆ. ಡಿ ಜೀವಸತ್ವ, ಊಟದೊಂದಿಗೆ ನುಂಗುವ ಕ್ಯಾಲ್ಸಿಯಂ ಮಾತ್ರೆ, ಡಯಾಲಿಸಿಸ್‌ನವರಿಗೆ ಬಿ ಜೀವಸತ್ವಗಳು ಮತ್ತು ಫೋಲಿಕ್ ಆಮ್ಲ, ಇವೂ ಹಾಗೆಯೇ. ಎ ಜೀವಸತ್ವ ಮೈಯಲ್ಲಿ ಶೇಖರವಾಗುತ್ತದೆ. ಸಿ ಜೀವಸತ್ವ ಅತಿಯಾದರೆ ಆಕ್ಸಲೇಟ್ ಆಗುತ್ತದೆ. ಮಣ್ಣುಪರೀಕ್ಷೆ ಮಾಡಿಸಿ ಗೊಬ್ಬರ ಹಾಕಿರೆಂದು ಹೇಳುವ ನಾವು ಇಲ್ಲಿಯೂ ಅದನ್ನೇ ಹೇಳಬೇಕಾಗಿದೆ.

ಆದುದರಿಂದ ಸದಸ್ಯರಲ್ಲಿ ನಮ್ಮ ವಿನಂತಿ:

1. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ.

2. ಡಾಕ್ಟರರಲ್ಲಿಗೆ ಹೋಗುವಾಗ ಮನೆಯಲ್ಲಿ ಸೇವಿಸುವ ಪುಡಿ, ಕಷಾಯ, ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ನಾಚಿಕೆಯಿಂದ ಮುಚ್ಚಿಡಬೇಡಿ.

3. ಬೊಂಡ, ಬಾಳೆಹಣ್ಣುಗಳನ್ನು ಎಲ್ಲರೂ ಬಿಡಬೇಕಾಗಿಲ್ಲ. ಎಷ್ಟು ಆಗಬಹುದೆಂಬುದನ್ನು ನಿಮ್ಮ ರಕ್ತದ ಪೊಟ್ಯಾಸಿಯಂ ನೋಡಿ ಡಾಕ್ಟರರೇ ಹೇಳಲಿ.

4. ಮೈಕೈ ನೋವಿಗೆಂದು ಅಂಗಡಿಯ ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ಇವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಪೆಟ್ಟು.

ಅಣ್ಣನವರು ಈಗಲೂ ಬೆಳಿಗ್ಗೆ ತೋಟಕ್ಕೆ ಇಳಿಯುತ್ತಾರೆ. ಬೊಂಡ ತೆಗೆದ ದಿನ ನಾವು ಕುಡಿಯುತ್ತೇವೆ, ಅವರು ನೋಡುತ್ತಾರೆ. “ಪ್ರೀತಿ ಇದ್ದರೆ ಸಾಲದು ಮಾರಾಯ, ಲೆಕ್ಕವೂ ಬೇಕು” ಎಂದು ಅವರು ನಗುತ್ತಾ ಹೇಳುವ ಮಾತನ್ನು ಸದಸ್ಯರೆಲ್ಲರ ಮನೆಗೆ ಮುಟ್ಟಿಸುವುದೇ ಈ ಬರಹದ ಉದ್ದೇಶ.