ಪೆಟ್ಟು ತಿನ್ನುವವರು ಯಾರು, ಮುಖ ಯಾರದು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಸಿನಿಮಾ ಹೊಡೆದಾಟವನ್ನು ಅಳೆಯಲು ಒಳ್ಳೆಯದೊಂದು ಅಳತೆಗೋಲು ಇದೆ. ಹಬ್ಬ ಜಾತ್ರೆಗಳಲ್ಲಿ ನಾಡಕುಸ್ತಿ ನೋಡಿದವರು ನೀವು. ನೆನಪು ಮಾಡಿಕೊಳ್ಳಿ: ಇಬ್ಬರು ಪೈಲ್ವಾನರು ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ, ಕೈ ಕೊಡುತ್ತಾರೆ, ಆಮೇಲೆ ಎಷ್ಟೋ ಹೊತ್ತು ಏನೂ ನಡೆಯದಂತೆ ಕಾಣುತ್ತದೆ. ತಲೆಗೆ ತಲೆ ಕೊಟ್ಟು ನಿಂತಿರುತ್ತಾರೆ. ಆದರೆ ಮೀನಖಂಡ ನಡುಗುತ್ತಿರುತ್ತದೆ, ಉಸಿರು ಏರುತ್ತಿರುತ್ತದೆ. ಪಕ್ಕದಲ್ಲಿ ಕುಳಿತ ಹಿರಿಯರು ‘ಪಟ್ಟು ಬಿತ್ತು’ ಎನ್ನುವಷ್ಟರಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗಿರುತ್ತದೆ.

ಅದೇ ರಾತ್ರಿ ಟಿ.ವಿ.ಯಲ್ಲಿ ಒಂದು ಸಾಹಸ ಚಿತ್ರ ನೋಡಿ. ನಾಯಕ ಕೈ ಬೀಸುತ್ತಾನೆ, ‘ಡಿಶುಂ’ ಎನ್ನುತ್ತದೆ, ಎದುರಾಳಿ ಹತ್ತು ಅಡಿ ದೂರದ ಮಡಕೆಗಳ ರಾಶಿಯ ಮೇಲೆ ಬೀಳುತ್ತಾನೆ. ಸುಳ್ಳು ಎಂದು ನಿಮಗೆ ಗೊತ್ತು, ಆದರೂ ನೋಡುತ್ತೀರಿ. ಈ ಸುಳ್ಳನ್ನು ಹೇಗೆ ಕಟ್ಟುತ್ತಾರೆ, ಅದನ್ನು ಬೇಡವೆಂದ ಒಬ್ಬ ನಿರ್ದೇಶಕ ಏನು ಮಾಡಿದ ಎಂಬುದು ಈ ಸಲದ ವಿಷಯ.

ಸಿನಿಮಾದ ಪೆಟ್ಟು ಮೂರು ಕಡೆ ತಯಾರಾಗುತ್ತದೆ. ಮೊದಲನೆಯದು ಕ್ಯಾಮೆರಾ ಇಟ್ಟ ಜಾಗ. ಹೊಡೆಯುವವನ ಭುಜದ ಹಿಂದೆ ಕ್ಯಾಮೆರಾ ಇಟ್ಟರೆ ಮುಷ್ಟಿಗೂ ದವಡೆಗೂ ನಡುವಿನ ಅಂತರ ಕಾಣುವುದಿಲ್ಲ. ಎರಡನೆಯದು ಪೆಟ್ಟು ತಿನ್ನುವವನ ನಟನೆ. ಸರಿಯಾದ ಕ್ಷಣಕ್ಕೆ ಅವನು ತಲೆ ತಿರುಗಿಸಬೇಕು. ಮೂರನೆಯದು ಸಂಕಲನಕಾರನ ಮೇಜು. ಅಲ್ಲಿ ಕತ್ತರಿ ಬೀಳುತ್ತದೆ, ಸದ್ದು ಸೇರುತ್ತದೆ. ಮುಷ್ಟಿ ಹೊರಟಿತು, ಕತ್ತರಿ. ಮುಖ ತಿರುಗಿತು, ಕತ್ತರಿ. ಮೈ ನೆಲಕ್ಕೆ ಬಿತ್ತು. ಈ ಮೂರನೆಯ ತುಣುಕಿನಲ್ಲಿ ಬೀಳುವ ಮೈ ಬೇರೆಯವರದಾಗಿದ್ದರೂ ನಿಮಗೆ ತಿಳಿಯುವುದಿಲ್ಲ. ಅವರನ್ನೇ ನಮ್ಮ ಚಿತ್ರರಂಗದಲ್ಲಿ ‘ಡ್ಯೂಪ್’ ಎನ್ನುವುದು.

ಇದಕ್ಕೆ ಉದಾಹರಣೆ ನಿಮ್ಮ ನೆರೆಯಲ್ಲೇ ಇದೆ. ಮದ್ದೂರಿನಿಂದ ಬೆಂಗಳೂರಿಗೆ ಹೋಗುವಾಗ ರಾಮನಗರದ ಬಂಡೆಬೆಟ್ಟಗಳು ಕಾಣುತ್ತವಲ್ಲ, 1975ರಲ್ಲಿ ತೆರೆಕಂಡ ‘ಶೋಲೆ’ಯ ಹಳ್ಳಿ ಕಟ್ಟಿದ್ದು ಅಲ್ಲಿಯೇ. ಬಸಂತಿ ಟಾಂಗಾ ಓಡಿಸಿಕೊಂಡು ಡಕಾಯಿತರಿಂದ ತಪ್ಪಿಸಿಕೊಳ್ಳುವ ದೃಶ್ಯ ಇಡೀ ದೇಶಕ್ಕೆ ಗೊತ್ತು. ಮುಖ ಹೇಮಾಮಾಲಿನಿಯವರದು. ಟಾಂಗಾದ ಅಪಾಯದ ಭಾಗಗಳಲ್ಲಿ ಇದ್ದವರು ರೇಷ್ಮಾ ಪಠಾಣ್, ಹಿಂದಿ ಚಿತ್ರರಂಗದ ಮೊದಲ ಸಾಹಸ ಕಲಾವಿದೆಯರಲ್ಲಿ ಒಬ್ಬರು. ಆ ಕೆಲಸದಲ್ಲಿ ಅವರಿಗೆ ಪೆಟ್ಟೂ ಬಿತ್ತು. ಅವರ ಬದುಕನ್ನು ಕುರಿತೇ ಒಂದು ಚಿತ್ರ ಬಂದದ್ದು 2019ರಲ್ಲಿ, ಅಂದರೆ ನಲವತ್ತನಾಲ್ಕು ವರ್ಷದ ಮೇಲೆ. ನಾಯಕಿಯ ಬದಲು ಬೀಳಲು ಹೆಣ್ಣುಮಗಳೊಬ್ಬಳು ಸಿಕ್ಕಿದ್ದೇ ಆಗ ದೊಡ್ಡದು. ವಿಗ್ ಹಾಕಿ, ಸೀರೆ ಉಡಿಸಿ ಗಂಡಸರನ್ನೇ ಬೀಳಿಸುವುದು ಆ ಕಾಲದ ಪದ್ಧತಿಯಾಗಿತ್ತು. ಆಮೇಲೂ ಬಹಳ ದಿನ ನಡೆಯಿತು.

ಕನ್ನಡದಲ್ಲಿ ಪತ್ತೇದಾರಿ ಸಾಹಸಕ್ಕೆ ಬರವಿಲ್ಲ. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿತು. ಭಕ್ತನಾಗಿ, ರಾಜನಾಗಿ ಕಂಡಿದ್ದ ನಟ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದನ್ನು ಜನ ಒಪ್ಪಿದರು. ಆ ಸಾಲಿನಲ್ಲಿ ಇನ್ನೂ ಮೂರು ಚಿತ್ರ ಬಂದವು. ಹೊಡೆದಾಟದವರು ನಟರಾದದ್ದೂ ಉಂಟು. ಟೈಗರ್ ಪ್ರಭಾಕರ್ ಸಾಹಸ ಕಲಾವಿದರಾಗಿ ಬಂದು, ಖಳರಾಗಿ, ಕೊನೆಗೆ ನಾಯಕರಾದರು. ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು 1996ರಲ್ಲಿ ‘ಪೊಲೀಸ್ ಸ್ಟೋರಿ’ಯನ್ನೇ ನಿರ್ದೇಶಿಸಿದರು. ಹೆಣ್ಣುಮಕ್ಕಳ ದಾರಿ ಮಾತ್ರ ತಿರುಗುಮುರುಗು. 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಮನೆಮಾತಾದ ಮಾಲಾಶ್ರೀ ಮೊದಲು ನಟಿ, ಹೊಡೆದಾಟ ಕಲಿತದ್ದು ಆಮೇಲೆ. ಕಣದಲ್ಲಿ ನಿಜವಾಗಿ ಹೋರಾಡಿ ಹೆಸರು ಮಾಡಿದವಳನ್ನು ಕರೆತಂದು, ಒಂದು ಬೇಹುಗಾರಿಕೆಯ ಚಿತ್ರವನ್ನು ಅವಳ ಸುತ್ತಲೇ ಕಟ್ಟಿದ್ದನ್ನು ನೋಡಬೇಕಾದರೆ ಅಮೆರಿಕಕ್ಕೆ ಹೋಗಬೇಕು.

ಆ ಚಿತ್ರದ ಹೆಸರು ‘ಹೇವೈರ್’. ಎಲ್ಲವೂ ಹತೋಟಿ ತಪ್ಪಿ ಗೋಜಲಾಯಿತು ಎಂಬ ಅರ್ಥ. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್. ನಾಯಕಿ ಜೀನಾ ಕರಾನೊ, ಥಾಯ್ ಬಾಕ್ಸಿಂಗ್ ಕಲಿತು ‘ಮಿಶ್ರ ಸಮರಕಲೆ’ಗೆ ಬಂದವರು. ಗುದ್ದು, ಒದೆ, ಕುಸ್ತಿಯ ಹಿಡಿತ, ನೆಲದ ಮೇಲೆ ಕತ್ತು ಬಿಗಿಯುವ ಪಟ್ಟು ಎಲ್ಲಕ್ಕೂ ಅವಕಾಶವಿರುವ ಆಟ ಇದು. ಏಳು ಪಂದ್ಯ ಸತತವಾಗಿ ಗೆದ್ದಿದ್ದ ಅವರು 2009ರ ಆಗಸ್ಟ್ 15ರಂದು ಬ್ರೆಜಿಲಿನ ಕ್ರಿಸ್ ಸೈಬೋರ್ಗ್ ಎದುರು ಮೊದಲ ಸುತ್ತಿನ ಕೊನೆಯ ಗಳಿಗೆಯಲ್ಲಿ ಸೋತರು. ಇವರ ಹೋರಾಟವನ್ನು ಟಿ.ವಿ.ಯಲ್ಲಿ ನೋಡಿದ್ದ ಸೋಡರ್‌ಬರ್ಗ್ ಆ ಸೋಲಿನ ನಂತರವೇ ಹುಡುಕಿಕೊಂಡು ಬಂದರು. ಸೋತವರಿಗೆ ಬಾಗಿಲು ಮುಚ್ಚುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಕಥೆ ಸರಳ. ಸರ್ಕಾರದ ಗುಟ್ಟಿನ ಕೆಲಸಗಳನ್ನು ಗುತ್ತಿಗೆಗೆ ಮಾಡಿಕೊಡುವ ಖಾಸಗಿ ಕಂಪನಿಯೊಂದರಲ್ಲಿ ಮ್ಯಾಲರಿ ಕೇನ್ ಕೆಲಸಕ್ಕಿದ್ದಾಳೆ. ಬಾರ್ಸಿಲೋನಾದಲ್ಲಿ ಒಬ್ಬ ಪತ್ರಕರ್ತನನ್ನು ಬಿಡಿಸಿ ತರುತ್ತಾಳೆ. ಮುಂದಿನ ಕೆಲಸಕ್ಕೆಂದು ಡಬ್ಲಿನ್‌ಗೆ ಹೋದಾಗ ತನ್ನ ಕಡೆಯವರೇ ತನ್ನನ್ನು ಮುಗಿಸಲು ಏರ್ಪಾಡು ಮಾಡಿರುವುದು ತಿಳಿಯುತ್ತದೆ. ಮಿಕ್ಕದ್ದನ್ನು ಹೇಳಿ ನಿಮ್ಮ ಸ್ವಾರಸ್ಯ ಕೆಡಿಸುವುದಿಲ್ಲ.

ಡಬ್ಲಿನ್ ಹೋಟೆಲಿನ ಕೋಣೆಗೆ ಬನ್ನಿ. ಚಂದದ ಉಡುಪಿನಲ್ಲಿ ಮ್ಯಾಲರಿ ಒಳಗೆ ಬರುತ್ತಾಳೆ. ಜೊತೆಗಿದ್ದವನು, ಮೈಕೆಲ್ ಫಾಸ್‌ಬೆಂಡರ್ ಮಾಡಿದ ಪಾತ್ರ, ಹಿಂದಿನಿಂದ ಬಡಿಯುತ್ತಾನೆ. ಅಲ್ಲಿಂದಾಚೆಗೆ ಸಂಗೀತವೇ ಇಲ್ಲ. ಉಸಿರು, ಒಡೆಯುವ ಗಾಜು, ಗೋಡೆಗೆ ಮೈ ಬಡಿದ ಸದ್ದು, ಅಷ್ಟೇ. ಕ್ಯಾಮೆರಾ ದೂರ ನಿಂತು ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ತೋರಿಸುತ್ತದೆ, ಕತ್ತರಿ ಅವಸರ ಮಾಡುವುದಿಲ್ಲ. ಕೊನೆಗೆ ಅವಳು ತೊಡೆಗಳ ನಡುವೆ ಅವನ ಕತ್ತನ್ನು ಸಿಕ್ಕಿಸಿ ಬಿಗಿಯುತ್ತಾಳೆ. ನಗರದ ಪ್ರೇಕ್ಷಕನಿಗೆ ಇದು ಗೋಜಲಾಗಿ ಕಾಣಬಹುದು. ಗರಡಿ ಮನೆಯ ಬಾಗಿಲಲ್ಲಿ ನಿಂತು ನೋಡಿದ ನಿಮಗೆ ತೂಕ ಎತ್ತ ವಾಲಿತು, ಯಾವ ಕಾಲಿಗೆ ಆಧಾರ ತಪ್ಪಿತು ಎಂದು ತಟ್ಟನೆ ತಿಳಿಯುತ್ತದೆ.

ಹಾಗಾದರೆ ಇದು ನಿಜವಾದ ಹೊಡೆದಾಟವೇ? ಇಲ್ಲ, ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಪ್ರತಿ ಹೆಜ್ಜೆಯೂ ಮೊದಲೇ ಗೊತ್ತುಮಾಡಿದ್ದು, ಹಲವು ಸಲ ಅಭ್ಯಾಸ ಮಾಡಿದ್ದು. ಚಿತ್ರೀಕರಣಕ್ಕೆ ಮೊದಲು ಕರಾನೊ ವಾರಗಟ್ಟಲೆ ತರಬೇತಿ ಪಡೆದರು. ಬಂದೂಕು ಹಿಡಿಯುವುದು, ಹಿಂಬಾಲಿಸುವವರನ್ನು ಗುರುತಿಸುವುದು ಇವೆಲ್ಲ ಅದರಲ್ಲಿದ್ದವು. ಹೋರಾಟಗಾರ್ತಿಗೆ ಕಷ್ಟವಾದ ಪಾಠ ಇನ್ನೊಂದು: ಗುರಿ ತಪ್ಪಿಸಿ ಹೊಡೆಯುವುದು. ತಾಗಬೇಕೆಂದೇ ವರ್ಷಗಟ್ಟಲೆ ಪಳಗಿದ ಕೈ ಕೂದಲೆಳೆಯಲ್ಲಿ ನಿಲ್ಲಬೇಕು. ಒಂದು ದೃಶ್ಯದಲ್ಲಿ ಸಹನಟ ಯೂಯನ್ ಮೆಕ್‌ಗ್ರೆಗರ್ ಕೈತಪ್ಪಿ ಅವರ ತಲೆಗೇ ಗುದ್ದಿಬಿಟ್ಟರಂತೆ. ನೊಂದದ್ದು ಮೆಕ್‌ಗ್ರೆಗರ್ ಕೈ, ‘ನಿಮಗೇನೂ ಆಗಲಿಲ್ಲವಷ್ಟೆ?’ ಎಂದು ವಿಚಾರಿಸಿದ್ದು ಕರಾನೊ!

ಕೊರತೆಯನ್ನೂ ಹೇಳಬೇಕು. ಮೈ ಮಾತಾಡುವಾಗ ಕರಾನೊ ಎದುರು ಯಾರೂ ನಿಲ್ಲುವುದಿಲ್ಲ, ಬಾಯಿ ಮಾತಾಡುವಾಗ ಹೊಸಬರೆಂಬುದು ಗೊತ್ತಾಗುತ್ತದೆ. ಆಮೇಲೆ ಅವರ ದನಿಯನ್ನೂ ಯಂತ್ರದಲ್ಲಿ ತಿದ್ದಿದರು. ಡ್ಯೂಪಿನ ಮೈಗೆ ನಾಯಕಿಯ ಮುಖ ಅಂಟಿಸುವ ಪದ್ಧತಿಯನ್ನು ಬಿಟ್ಟವರು ಹೋರಾಟಗಾರ್ತಿಯ ದನಿಯ ವಿಷಯದಲ್ಲಿ ಮತ್ತೆ ಅದೇ ದಾರಿಗೆ ಬಂದರೇನೋ ಎನಿಸುತ್ತದೆ. 2012ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ ವಿಮರ್ಶಕರು ಮೆಚ್ಚಿದಷ್ಟು ಸಾಮಾನ್ಯ ಪ್ರೇಕ್ಷಕರು ಮೆಚ್ಚಲಿಲ್ಲ. ಸದ್ದಿಗೆ ಒಗ್ಗಿದ ಕಿವಿಗೆ ಮೌನ ರುಚಿಸದಿದ್ದುದೂ ಒಂದು ಕಾರಣವಿರಬಹುದು, ಇದು ನನ್ನ ಊಹೆ. ಕರಾನೊ ಮುಂದೆ ‘ಡೆಡ್‌ಪೂಲ್’ ಮುಂತಾದವುಗಳಲ್ಲಿ ನಟಿಸಿದರು.

‘ನಿಜವಾಗಿ ಮಾಡಬೇಕು, ಆಗಲೇ ಮಜಾ’ ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಅದರ ಇನ್ನೊಂದು ಮುಖ ನಿಮಗೆ ತಿಳಿದಿರಲಿ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಅನಿಲ್ ಮತ್ತು ಉದಯ್ ಎಂಬ ಇಬ್ಬರು ಕಲಾವಿದರು ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದರು. ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ಇಬ್ಬರೂ ಮುಳುಗಿ ತೀರಿಕೊಂಡರು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ, ನೀವು ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ಚಿತ್ರೀಕರಣದ ಸಾಹಸ ಕಲಾವಿದರೊಬ್ಬರು ವಿದ್ಯುತ್ ತಗುಲಿ ಸತ್ತರು. ಡಬ್ಲಿನ್ ಕೋಣೆಯಲ್ಲಿ ನಿಜವಾಗಿದ್ದದ್ದು ಕಲಿಕೆ; ತಿಪ್ಪಗೊಂಡನಹಳ್ಳಿಯಲ್ಲಿ ನಿಜವಾಗಿದ್ದದ್ದು ಅಪಾಯ. ನಿಮ್ಮೂರಿನ ಹುಡುಗನೋ ಹುಡುಗಿಯೋ ‘ಫೈಟರ್’ ಆಗುತ್ತೇನೆಂದು ಬೆಂಗಳೂರಿನ ಬಸ್ಸು ಹತ್ತುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಲ್ಲಿವೆ: ಅಭ್ಯಾಸಕ್ಕೆ ಎಷ್ಟು ದಿನ ಕೊಡುತ್ತಾರೆ? ಕೆಳಗೆ ಹಾಸಿಗೆ ಹಾಕಿದವರು ಯಾರು? ಆಂಬ್ಯುಲೆನ್ಸ್ ಎಲ್ಲಿ ನಿಂತಿದೆ?

‘ಹೇವೈರ್’ ದೊಡ್ಡವರ ಚಿತ್ರ, ಶಾಲೆಯ ಮಕ್ಕಳು ಕಾಯಬೇಕು. ಕಾಲೇಜಿನವರು ಆ ಹೋಟೆಲ್ ದೃಶ್ಯವನ್ನು ಎರಡು ಸಲ ನೋಡಿ. ಎರಡನೆಯ ಸಲ ದನಿ ಮುಚ್ಚಿ, ಕತ್ತರಿ ಎಷ್ಟು ಸಲ ಬಿತ್ತು ಎಂದು ಎಣಿಸಿ. ಆಮೇಲೆ ನಿಮಗಿಷ್ಟವಾದ ಕನ್ನಡ ಚಿತ್ರದ ಒಂದು ಹೊಡೆದಾಟವನ್ನು ಅಷ್ಟೇ ಹೊತ್ತು ಹಾಗೆಯೇ ಎಣಿಸಿ. ಚಿತ್ರ ಮುಗಿದು ಹೆಸರುಗಳು ಮೇಲೇರುವಾಗ ಎದ್ದು ಹೋಗದೆ ಸಾಹಸ ಕಲಾವಿದರ ಪಟ್ಟಿ ಎಲ್ಲಿದೆ ಎಂದೂ ಹುಡುಕಿ.