ಮೈ ಇಳಿಸಲು ಉಪವಾಸ ಬೇಡ, ಲೆಕ್ಕ ಬೇಕು

ಸಂಘದ ಕಚೇರಿಗೆ ಗೊಬ್ಬರ ಬರೆಸಲು ಬರುವ ಸದಸ್ಯರ ಬಾಯಲ್ಲಿ ಈಗೀಗ ಅಡಿಕೆ ಧಾರಣೆ, ಮಳೆ, ಆಳಿನ ತಾಪತ್ರಯ ಇವುಗಳ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. “ಡಾಕ್ಟರು ಎಂಟು ಕಿಲೋ ಇಳಿಸಿ ಅಂದಿದ್ದಾರೆ, ರಾತ್ರಿ ಊಟ ಬಿಟ್ಟಿದ್ದೇನೆ” ಎನ್ನುವವರು ಒಬ್ಬರು. “ಬೆಳಿಗ್ಗೆ ಬರೀ ಕಾಫಿ ಕುಡಿದು ಗುಡ್ಡ ಹತ್ತಿ ಬರುತ್ತೇನೆ” ಎನ್ನುವವರು ಇನ್ನೊಬ್ಬರು. ಬೊಜ್ಜು ಪಟ್ಟಣದವರ ಕಾಯಿಲೆ ಎಂದು ನಾವು ನಂಬಿಕೊಂಡಿದ್ದ ಕಾಲ ಕಳೆಯಿತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ಹತ್ತರಲ್ಲಿ ಮೂವರು ಅತಿತೂಕದವರೆಂದು ಕಂಡುಬಂದಿತು. ಆದುದರಿಂದ ತೂಕ ಇಳಿಸಬೇಕೆಂಬ ಸಂಕಲ್ಪ ಒಳ್ಳೆಯದೇ. ಆದರೆ ಹಸಿದ ಹೊಟ್ಟೆಯಲ್ಲಿ ದುಡಿದು ಇಳಿಸಲು ಹೊರಟರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ತೋಟ ಅದೇ, ನಡಿಗೆ ಹೋಯಿತು

ನಮ್ಮ ಹಿರಿಯರು ಇಂದಿನವರಿಗಿಂತ ಹೆಚ್ಚು ಅನ್ನವನ್ನೇ ಉಣ್ಣುತ್ತಿದ್ದರು. ಆದರೂ ಹೊಟ್ಟೆ ಬಂದವರು ವಿರಳ. ತೋಟಕ್ಕೆ ನಡಿಗೆ, ಪೇಟೆಗೆ ನಡಿಗೆ. ಸೊಪ್ಪಿನ ಹೊರೆ, ಅಡಿಕೆ ಗೊನೆ, ಕಾಫಿ ಮೂಟೆ ಎಲ್ಲವೂ ಹೆಗಲ ಮೇಲೆ. ಇಂದು ಮನೆಯ ಬಾಗಿಲಿನಿಂದ ತೋಟದ ಗೇಟಿನವರೆಗೂ ಬೈಕು. ಕಳೆ ಹೊಡೆಯಲು ಯಂತ್ರ, ಅಡಿಕೆ ಸುಲಿಯಲು ಯಂತ್ರ, ನೀರು ಬಿಡಲು ಗುಂಡಿ ಒತ್ತಿದರಾಯಿತು.

2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ ಪಟ್ಟಿಯ ಪ್ರಕಾರ 65 ಕಿಲೋ ತೂಗುವ ಗಂಡಸು ಮಧ್ಯಮ ಶ್ರಮದ ಕೆಲಸ ಮಾಡುವವನಾದರೆ ದಿನಕ್ಕೆ 2,710 ಕ್ಯಾಲೊರಿ ಆಹಾರ ಬೇಕು. ಅದೇ ಗಂಡಸು ಕುಳಿತು ಕೆಲಸ ಮಾಡುವವನಾದರೆ 2,110 ಸಾಕು. ವ್ಯತ್ಯಾಸ 600. ಈ 600ರ ಕೆಲಸವನ್ನು ಬೈಕು, ಯಂತ್ರಗಳು ನಮ್ಮಿಂದ ತೆಗೆದುಕೊಂಡವು. ತಟ್ಟೆ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿಯಿತು. ಉಳಿದದ್ದು ಸೊಂಟದ ಸುತ್ತ ಠೇವಣಿಯಾಯಿತು. ಭಾರತೀಯರಲ್ಲಿ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಿದರೆ ಎಚ್ಚರಿಕೆ ಬೇಕೆಂದು ವೈದ್ಯರು ಹೇಳುತ್ತಾರೆ.

ನಮ್ಮದೇ ಒಂದು ಪಾಠ

2022ರ ಡಿಸೆಂಬರಿನಲ್ಲಿ, ಕಾಫಿ ಹಣ್ಣಿನ ಕೊಯ್ಲು ಬಿರುಸಾಗಿದ್ದಾಗ, ನಾವೂ ಈ ತಪ್ಪನ್ನು ಮಾಡಿದೆವು. ರಕ್ತದ ಸಕ್ಕರೆ ಅಂಚಿಗೆ ಬಂದಿದೆ, ಎಂಟು ಕಿಲೋ ಇಳಿಸಿ ಎಂದು ವೈದ್ಯರು ಹೇಳಿದ್ದರು. ಹೇಗೆ ಎಂದು ನಾವು ಕೇಳಲಿಲ್ಲ. ರಾತ್ರಿ ಊಟ ನಿಲ್ಲಿಸಿದೆವು. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಒಂದು ಗಂಟೆ ಗುಡ್ಡ ಹತ್ತಿಳಿದು, ತಿಂಡಿಯನ್ನೂ ಬಿಟ್ಟು, ನೇರವಾಗಿ ಕೊಯ್ಲಿನ ಆಳುಗಳ ಹಿಂದೆ ಹೋಗುತ್ತಿದ್ದೆವು. ಮೊದಲ ವಾರ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿತು. ಬೀಗಿದೆವು.

ಹನ್ನೆರಡನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಇಳಿಜಾರಿನಲ್ಲಿ ಕಣ್ಣು ಕತ್ತಲೆ ಬಂದು, ಕೈಕಾಲು ನಡುಗಿ, ಬಸಿಗಾಲುವೆಯೊಳಗೆ ಕುಸಿದು ಕುಳಿತೆವು. ಹಣ್ಣು ಕೊಯ್ಯುತ್ತಿದ್ದ ಹಿರಿಯ ಹೆಂಗಸೊಬ್ಬಳು ಓಡಿಬಂದು, “ಅಯ್ಯಾ, ಬೆಳಿಗ್ಗೆ ಹೊಟ್ಟೆಗೇನ್ ಹಾಕಿದ್ರಿ?” ಎಂದಳು. ಉತ್ತರ ಹೇಳಲು ನಾಚಿಕೆಯಾಯಿತು. ತನ್ನ ಬುತ್ತಿಯಿಂದ ಒಂದು ರೊಟ್ಟಿ, ಬೆಲ್ಲದ ಚೂರು ಕೊಟ್ಟಳು. ಕಾಲು ಗಂಟೆಯಲ್ಲಿ ಎದ್ದು ನಿಂತೆವು. ಅಂದಿನಿಂದ ಹಸಿವು ತಡೆಯಲಾರದೆ ಕಂಡದ್ದನ್ನೆಲ್ಲ ತಿಂದು, ಸಂಕ್ರಾಂತಿ ಕಳೆಯುವಷ್ಟರಲ್ಲಿ ಹೋದ ತೂಕ ಮರಳಿ ಬಂದು ಮೇಲೆ ಒಂದು ಕಿಲೋ ಸೇರಿತು. ಆಗ ನಮಗೆ ಸಕ್ಕರೆ ಕಾಯಿಲೆಯ ಮಾತ್ರೆ ಇರಲಿಲ್ಲ. ಇದ್ದಿದ್ದರೆ ಆ ದಿನ ರೊಟ್ಟಿ ತಿನ್ನುವಷ್ಟು ಎಚ್ಚರ ಉಳಿಯುತ್ತಿತ್ತೋ ಇಲ್ಲವೋ.

ಹಸಿವಿನಲ್ಲಿ ದುಡಿದರೆ ದೇಹ ಏನು ಮಾಡುತ್ತದೆ?

ಇದನ್ನು ಪರೀಕ್ಷಿಸಿ ನೋಡಿದ ಪ್ರಸಿದ್ಧ ಪ್ರಯೋಗವೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಜನ ಹಸಿವಿನಿಂದ ನರಳುತ್ತಿದ್ದಾಗ, ಅವರಿಗೆ ಮತ್ತೆ ಉಣ್ಣಿಸುವ ಸರಿಯಾದ ಕ್ರಮವನ್ನು ತಿಳಿಯುವುದಕ್ಕಾಗಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944–45ರಲ್ಲಿ ಇದನ್ನು ನಡೆಸಿದರು. ಯುದ್ಧದಲ್ಲಿ ಕೋವಿ ಹಿಡಿಯಲೊಪ್ಪದ 36 ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದಿದ್ದರು. 24 ವಾರಗಳ ಕಾಲ ಅವರಿಗೆ ಮೊದಲಿನ ಆಹಾರದ ಸುಮಾರು ಅರ್ಧ ಮಾತ್ರ ಕೊಟ್ಟು, ವಾರಕ್ಕೆ 35 ಕಿಲೋಮೀಟರು ನಡೆಸಲಾಯಿತು.

ದೇಹದ ತೂಕದ ಸುಮಾರು ಕಾಲು ಭಾಗ ಇಳಿಯಿತು ನಿಜ. ಜೊತೆಗೆ ಮಾಂಸಖಂಡವೂ ಇಳಿಯಿತು, ಬಲ ಕುಂದಿತು, ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯೆನಿಸತೊಡಗಿತು. ಸಿಡುಕು, ಮಂಕು ಕವಿದವು. ಹಗಲಿರುಳೂ ಊಟದ ಧ್ಯಾನವೇ ಆಯಿತು. ಪ್ರಯೋಗ ಮುಗಿದು ಊಟ ಸಿಕ್ಕಾಗ ಹಲವರಲ್ಲಿ ಕೊಬ್ಬು ಮೊದಲಿಗಿಂತಲೂ ಹೆಚ್ಚಾಗಿ ಮರಳಿತು. ಬರ ಬಂತೆಂದು ತಿಳಿದ ದೇಹ ಖರ್ಚು ಬಿಗಿಹಿಡಿಯುತ್ತದೆ. ಸುಭಿಕ್ಷ ಬಂದೊಡನೆ ಕಣಜ ತುಂಬಿಕೊಳ್ಳುತ್ತದೆ.

ಕಾಫಿ ಬೆಳೆಗಾರರಿಗೆ ಇದು ಅಪರಿಚಿತ ಸಂಗತಿಯಲ್ಲ. ಭಾರಿ ಫಸಲು ಹೊತ್ತ ಅರೇಬಿಕಾ ಗಿಡಕ್ಕೆ ತಕ್ಕ ಗೊಬ್ಬರ ಬೀಳದಿದ್ದರೆ ರೆಂಬೆ ತುದಿಯಿಂದ ಒಣಗುತ್ತ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಕೆಲಸ ಹೆಚ್ಚಿಸಿ ಆಹಾರ ಕಿತ್ತುಕೊಂಡರೆ ಗಿಡದ ಗತಿಯೇ ನಮಗೂ. ನೆರಳು ಕಡಿಮೆ ಮಾಡಲು ಮರಗಸಿ ಮಾಡುತ್ತೇವೆಯೇ ಹೊರತು ಮರವನ್ನೇ ಕಡಿಯುವುದಿಲ್ಲವಷ್ಟೆ.

ಜಮಾ–ಖರ್ಚು

ಮರಳಿ ಹೋದಾಗ ವೈದ್ಯರು ಒಂದೇ ಕೆಲಸ ಹೇಳಿದರು: “ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಬನ್ನಿ.” ಸಂಘದ ಪೈಸೆ ಪೈಸೆಗೂ ಲೆಕ್ಕಪರಿಶೋಧಕರಿಗೆ ಉತ್ತರ ಹೇಳುವ ನಾವು ನಮ್ಮ ತಟ್ಟೆಯ ಲೆಕ್ಕವನ್ನು ಎಂದೂ ನೋಡಿರಲಿಲ್ಲ. ಬರೆದು ನೋಡಿದಾಗ ಅನ್ನದ ಮೇಲೆ ನಾವು ಹೊರಿಸಿದ್ದ ಆಪಾದನೆ ಅರ್ಧ ಸುಳ್ಳಾಯಿತು.

ವಾರಕ್ಕೆ ಅರ್ಧ ಕಿಲೋ ಇಳಿಯುವುದು ಕ್ಷೇಮಕರ ವೇಗ. ಅದಕ್ಕೆ ದಿನಕ್ಕೆ ಸುಮಾರು 500 ಕ್ಯಾಲೊರಿಯ ಖೋತಾ ಸಾಕು. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ. ಚಮಚಕ್ಕೆ 20ರಂತೆ 160 ಕ್ಯಾಲೊರಿ. ಒಗ್ಗರಣೆ, ಕರಿದ ತಿಂಡಿಗಳಿಂದ ಒಂದು ದೊಡ್ಡ ಚಮಚ ಎಣ್ಣೆ ಕಡಿಮೆ ಮಾಡಿದರೆ ಸುಮಾರು 120. ಅಲ್ಲಿಗೆ 280. ಇನ್ನು ಒಂದು ಗಂಟೆಯ ಬಿರುಸು ನಡಿಗೆಗೆ 65 ಕಿಲೋ ತೂಕದವರಿಗೆ ಸುಮಾರು 250 ಕ್ಯಾಲೊರಿ ಖರ್ಚಾಗುತ್ತದೆ. ಒಟ್ಟು 530. ಒಂದು ಹೊತ್ತಿನ ಊಟವನ್ನೂ ಬಿಡದೆ ಖೋತಾ ಕೂಡಿಬಂತು! ನಾವು ಬೆಳೆದ ಕಾಫಿಯಲ್ಲಿ ದೋಷವಿಲ್ಲ, ದೋಷವೆಲ್ಲ ಸಕ್ಕರೆಯದು ಎಂದು ಕಾಫಿ ಬೆಳೆಗಾರರಾದ ನಾವು ಧೈರ್ಯವಾಗಿ ಹೇಳಬಹುದು.

ಮೈ ಹಗುರಾದಂತೆ ಖರ್ಚೂ ಕಡಿಮೆಯಾಗುವುದರಿಂದ ಕೆಲವು ತಿಂಗಳ ಬಳಿಕ ಇಳಿತ ನಿಧಾನವಾಗುತ್ತದೆ. ಆಗ ಗಾಬರಿಯಾಗಿ ಊಟ ಬಿಡಬಾರದು.

ಮಾಂಸಖಂಡದ ರಕ್ಷಣೆ

ಇಳಿಯಬೇಕಾದದ್ದು ಕೊಬ್ಬು, ಮಾಂಸಖಂಡವಲ್ಲ. ಮೂಟೆ ಎತ್ತುವುದು, ಗುಡ್ಡ ಹತ್ತುವುದು ಎಲ್ಲವೂ ಮಾಂಸಖಂಡದ ಬಲದಿಂದಲೇ. ವಯಸ್ಸಾದಂತೆ ಅದು ತಾನಾಗಿಯೇ ಸವೆಯುತ್ತದೆ. ಪಟ್ಟು ಹಿಡಿದ ಉಪವಾಸ ಆ ಸವೆತವನ್ನು ಹೆಚ್ಚಿಸುತ್ತದೆ. ಇದನ್ನು ತಡೆಯಲು ಎರಡು ದಾರಿ: ಸಾಕಷ್ಟು ಪ್ರೋಟೀನು, ಮತ್ತು ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ, ಅಗೆಯುವ ಕೆಲಸ. ನಡಿಗೆಯಂಥ ಶ್ರಮ ವಾರಕ್ಕೆ 150ರಿಂದ 300 ನಿಮಿಷ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ.

ಪ್ರೋಟೀನು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 65 ಕಿಲೋಗೆ ದಿನಕ್ಕೆ 54 ಗ್ರಾಂ ಬೇಕು. ಇದಕ್ಕೆ ಪೇಟೆಯ ಡಬ್ಬಿ ಪುಡಿ ಬೇಕಿಲ್ಲ. 250 ಗ್ರಾಂ ಅಕ್ಕಿಯಿಂದ ಸುಮಾರು 18, ಅರ್ಧ ಲೀಟರು ಹಾಲು–ಮೊಸರಿನಿಂದ 16, 60 ಗ್ರಾಂ ಹುರುಳಿ, ಹೆಸರು, ಅಲಸಂದೆ ಅಥವಾ ತೊಗರಿಬೇಳೆಯಿಂದ 14, ಒಂದು ಮೊಟ್ಟೆಯಿಂದ 6. ಲೆಕ್ಕ ಸರಿಹೋಯಿತು. ಮೊಟ್ಟೆ ತಿನ್ನದವರು ಇನ್ನೊಂದು ಹಿಡಿ ಕಾಳು ಸೇರಿಸಿಕೊಳ್ಳಬಹುದು. ನಮ್ಮ ಅನೇಕ ಮನೆಗಳಲ್ಲಿ ಸಾರು ತಿಳಿಯಾಗಿ, ಅನ್ನ ರಾಶಿಯಾಗಿ ಇರುತ್ತದೆ. ಒಂದು ಸೌಟು ಅನ್ನ ಕಡಿಮೆ ಮಾಡಿ, ಆ ಜಾಗಕ್ಕೆ ಕಾಳಿನ ಹುಳಿ, ಬಸಳೆ, ಹರಿವೆ, ತೊಂಡೆ ಪಲ್ಯ ಬಂದರೆ ಹೊಟ್ಟೆಯೂ ತುಂಬುತ್ತದೆ, ತೂಕವೂ ಏರುವುದಿಲ್ಲ.

ಯಾವಾಗ ತಿನ್ನಬೇಕು?

ಬೆಳಗಿನ ಅರ್ಧ ಗಂಟೆಯ ನಡಿಗೆಗೆ ಆರೋಗ್ಯವಂತರು ನೀರು ಕುಡಿದು ಹೋದರೂ ಬಾಧಕವಿಲ್ಲ. ಗುಡ್ಡ ಹತ್ತುವುದಿದ್ದರೆ, ಗಂಟೆಗೆ ಮೀರಿದ ಕೆಲಸವಿದ್ದರೆ ಒಂದು ಬಾಳೆಹಣ್ಣನ್ನಾದರೂ ತಿಂದು ಹೊರಡಬೇಕು. ಬಂದ ಮೇಲೆ ತಿಂಡಿ ತಪ್ಪಬಾರದು: ಎರಡು ಅಕ್ಕಿರೊಟ್ಟಿಗೆ ಎಣ್ಣೆ ಚಟ್ನಿಯ ಬದಲು ಕಾಳಿನ ಪಲ್ಯ ಇರಲಿ. ಸಂಜೆ ಕೋಡುಬಳೆಯ ಡಬ್ಬಿಗೆ ಕೈ ಹಾಕುವ ಮೊದಲು ಒಂದು ಲೋಟ ಮಜ್ಜಿಗೆ ಕುಡಿದು ನೋಡಿ. ರಾತ್ರಿ ಬೇಗ ಉಣ್ಣಿ, ಹಿತವಾಗಿ ಉಣ್ಣಿ, ಆದರೆ ಉಣ್ಣಿ.

ಇನ್ನೊಂದು ಮಾತು. ಕೊಯ್ಲಿನ ಕಾಲದಲ್ಲಿ ತೂಕ ಇಳಿಸುವ ಹಟ ಬೇಡ. ಆ ಎರಡು ಮೂರು ತಿಂಗಳು ಇದ್ದ ತೂಕ ಏರದಂತೆ ನೋಡಿಕೊಂಡರೆ ಸಾಕು. ಬಿಡುವಿನ ತಿಂಗಳುಗಳಲ್ಲಿ ಇಳಿಸಿದರಾಯಿತು.

ಎಚ್ಚರ ವಹಿಸಬೇಕಾದವರು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ಶ್ರಮಪಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಪ್ರಾಣಾಪಾಯವಾಗಬಹುದು. ಬೆವರು, ನಡುಕ, ಕಣ್ಣು ಮಂಜು ಇದರ ಲಕ್ಷಣಗಳು. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಬಳಿಕ ಏನಾದರೂ ತಿನ್ನಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂಥವರು ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲಿ, ವೈದ್ಯರನ್ನು ಕೇಳದೆ ಆಹಾರ ಬದಲಿಸದಿರಲಿ. ಮೂತ್ರಪಿಂಡದ ತೊಂದರೆಯಿರುವವರೂ ಪ್ರೋಟೀನು ಹೆಚ್ಚಿಸುವ ಮೊದಲು ಕೇಳಬೇಕು. ತೀರ ವೇಗವಾಗಿ ತೂಕ ಇಳಿಸಿಕೊಂಡವರಲ್ಲಿ ಪಿತ್ತಕೋಶದ ಕಲ್ಲು ಹೆಚ್ಚೆಂಬುದೂ ನೆನಪಿರಲಿ.

ಮನೆಯ ಹೆಣ್ಣುಮಕ್ಕಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವುದು, ಮೇಲೆ ವಾರದಲ್ಲಿ ಎರಡು ಒಪ್ಪತ್ತು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮೈ ದಪ್ಪವಾಗಿದ್ದ ಮಾತ್ರಕ್ಕೆ ರಕ್ತ ತುಂಬಿದೆ ಎಂದಲ್ಲ. ತೂಕ ಇಳಿಸಲು ಅವರು ಊಟ ಬಿಡುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಮನೆಯ ಯಜಮಾನರ ಹೊಣೆ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿ ತಂದರೆ ಇನ್ನೂ ಉತ್ತಮ.

ನಾವು 2023ರ ಮಳೆಗಾಲದಿಂದ ಈ ಕ್ರಮ ಹಿಡಿದು ಹತ್ತು ತಿಂಗಳಲ್ಲಿ ಏಳು ಕಿಲೋ ಇಳಿಸಿದೆವು. ವಾರಕ್ಕೆ ಅರ್ಧ ಕಿಲೋ ಪ್ರತಿ ವಾರವೂ ಇಳಿಯಲಿಲ್ಲ. ಮದುವೆ ತಿಂಗಳಲ್ಲಿ ನಿಂತಿತು, ಕೊಯ್ಲಿನಲ್ಲಿ ನಿಂತಿತು. ಎಂಟನೆಯ ಕಿಲೋ ಇನ್ನೂ ಬಾಕಿಯಿದೆ. ಆದರೆ ಹೋದದ್ದು ಮರಳಿ ಬಂದಿಲ್ಲ, ಸಕ್ಕರೆ ಅಂಚಿನಿಂದ ಹಿಂದೆ ಸರಿದಿದೆ, ಗುಡ್ಡ ಹತ್ತುವಾಗ ಏದುಸಿರಿಲ್ಲ. ರೊಟ್ಟಿ ಕೊಟ್ಟ ಆ ಹೆಂಗಸು ಈಗಲೂ ಕೊಯ್ಲಿಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ನಮ್ಮ ತಿಂಡಿ ಆಯಿತೇ ಎಂಬುದು.

ಸದಸ್ಯ ಬಾಂಧವರು ನಾಳೆಯಿಂದಲೇ ಒಂದು ಹಳೆಯ ನೋಟುಪುಸ್ತಕ ತೆಗೆದು ಒಂದು ವಾರ ತಟ್ಟೆಯ ಜಮಾ–ಖರ್ಚು ಬರೆಯಲಿ ಎಂದು ವಿನಂತಿಸುತ್ತೇವೆ. ಸೋರುವ ಜಾಗ ಕಣ್ಣಿಗೆ ಬೀಳುತ್ತದೆ. ಅಲ್ಲಿ ಕಟ್ಟೆ ಕಟ್ಟಿದರಾಯಿತು. ಹೊಳೆಯನ್ನೇ ಬತ್ತಿಸುವ ಅಗತ್ಯವಿಲ್ಲ.