ಸೀವರ್ಲ್ಡ್: ಒಂದೇ ಆಕರ್ಷಣೆಯ ಮೇಲೆ ನಿಂತ ಉದ್ಯಮ

ಯಾವುದೇ ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿ ಕಟ್ಟಡ, ಯಂತ್ರೋಪಕರಣ, ದಾಸ್ತಾನುಗಳ ಮೌಲ್ಯವು ಅಂಕಿಗಳಲ್ಲಿ ಕಾಣಿಸುತ್ತದೆ. ವರ್ಷಗಳ ಕಾಲ ಗಳಿಸಿದ ಗ್ರಾಹಕರ ವಿಶ್ವಾಸಕ್ಕೆ ಮಾತ್ರ ಅಲ್ಲಿ ಪ್ರತ್ಯೇಕ ಸ್ಥಾನವಿರುವುದಿಲ್ಲ. ಆ ವಿಶ್ವಾಸ ಕುಸಿದಾಗ ಉಳಿದೆಲ್ಲ ಅಂಕಿಗಳೂ ಅಲುಗಾಡುತ್ತವೆ. ಅಮೆರಿಕದ ಸೀವರ್ಲ್ಡ್ ಎಂಬ ಕಡಲಜೀವಿ ಉದ್ಯಾನದ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಸ್ಥಾಪನೆ ಮತ್ತು ಬೆಳವಣಿಗೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ನಾಲ್ವರು ಪದವೀಧರರು ನೀರಿನಡಿಯಲ್ಲೊಂದು ಉಪಾಹಾರ ಗೃಹ ಕಟ್ಟಲು ಯೋಚಿಸಿದ್ದರು. ಅದು ಕಾರ್ಯಸಾಧ್ಯವಾಗದಿದ್ದಾಗ, 15 ಲಕ್ಷ ಡಾಲರ್ ಬಂಡವಾಳದಿಂದ ಸ್ಯಾನ್ ಡಿಯಾಗೋ ನಗರದಲ್ಲಿ 22 ಎಕರೆಯ ಉದ್ಯಾನವನ್ನು 1964ರ ಮಾರ್ಚ್ ತಿಂಗಳಿನಲ್ಲಿ ತೆರೆದರು. ಆಗ ಇದ್ದವು ಕೆಲವು ಡಾಲ್ಫಿನ್‌ಗಳು, ಕಡಲಸಿಂಹಗಳು, ಎರಡು ಮತ್ಸ್ಯಾಗಾರಗಳು ಹಾಗೂ 45 ಮಂದಿ ನೌಕರರು. ಮೊದಲ ವರ್ಷದಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ಭೇಟಿಯಿತ್ತರು.

1965ರಲ್ಲಿ 'ಶಾಮು' ಎಂಬ ಓರ್ಕಾ ಬಂದಿತು. ಕಪ್ಪು-ಬಿಳುಪು ಬಣ್ಣದ ಈ ಬೃಹತ್ ಜಲಚರವು ಡಾಲ್ಫಿನ್ ಕುಟುಂಬಕ್ಕೆ ಸೇರಿದ್ದು. ಶಾಮು 1971ರಲ್ಲಿ ಸತ್ತ ಬಳಿಕವೂ ಆ ಹೆಸರು ಪ್ರದರ್ಶನಗಳ ಗುರುತಾಗಿ ಉಳಿಯಿತು. 1973ರಲ್ಲಿ ಆರ್ಲಾಂಡೊ, 1988ರಲ್ಲಿ ಸ್ಯಾನ್ ಆಂಟೋನಿಯೊ ಉದ್ಯಾನಗಳು ಆರಂಭಗೊಂಡವು. ಪೆಂಗ್ವಿನ್ ಗೃಹ, ಶಾರ್ಕ್ ಮೀನುಗಳ ನಡುವೆ ಸಾಗುವ ಗಾಜಿನ ಸುರಂಗ, ರೋಲರ್ ಕೋಸ್ಟರ್‌ಗಳು ಸೇರಿಕೊಂಡರೂ ಜನರ ಮನಸ್ಸಿನಲ್ಲಿ ಸೀವರ್ಲ್ಡ್ ಎಂದರೆ ಓರ್ಕಾ ಪ್ರದರ್ಶನವೇ ಆಗಿತ್ತು. ಮಾಲೀಕತ್ವವು ಪ್ರಕಾಶನ ಸಂಸ್ಥೆಯೊಂದರಿಂದ 1989ರಲ್ಲಿ ಮದ್ಯ ತಯಾರಿಕಾ ಸಂಸ್ಥೆಯಾದ ಆನ್ಹೈಸರ್-ಬುಷ್‌ಗೂ, 2009ರಲ್ಲಿ ಬ್ಲ್ಯಾಕ್‌ಸ್ಟೋನ್ ಹೂಡಿಕೆ ಸಂಸ್ಥೆಗೂ ಹಸ್ತಾಂತರವಾಯಿತು.

ಕುಸಿತ

2010ರ ಫೆಬ್ರವರಿಯಲ್ಲಿ ಆರ್ಲಾಂಡೊದಲ್ಲಿ ಟಿಲಿಕಮ್ ಎಂಬ ಓರ್ಕಾ ತನ್ನ ತರಬೇತುದಾರ್ತಿಯನ್ನು ಕೊಂದಿತು. 2013ರ ಏಪ್ರಿಲ್‌ನಲ್ಲಿ ಸಂಸ್ಥೆಯು ತಲಾ 27 ಡಾಲರ್‌ನಂತೆ ಸಾರ್ವಜನಿಕರಿಗೆ ಷೇರು ನೀಡಿತು. ಅದೇ ವರ್ಷ 'ಬ್ಲ್ಯಾಕ್‌ಫಿಶ್' ಎಂಬ ಸಾಕ್ಷ್ಯಚಿತ್ರವು ಓರ್ಕಾಗಳ ಬಂಧನದ ಬದುಕನ್ನು ಜನರ ಮುಂದಿಟ್ಟಿತು. ಸಮೂಹದ ಆದಾಯವು 2013ರ ಸುಮಾರು 146 ಕೋಟಿ ಡಾಲರ್‌ಗಳಿಂದ 2014ರಲ್ಲಿ ಸುಮಾರು 138 ಕೋಟಿಗೆ ಇಳಿಯಿತು. ಇಳಿಕೆ ಶೇಕಡಾ ಆರಕ್ಕೂ ಕಡಿಮೆ. ಆದರೆ 2014ರ ಆಗಸ್ಟ್ 13ರಂದು, ಒಂದೇ ದಿನದಲ್ಲಿ, ಷೇರು ಬೆಲೆ ಶೇಕಡಾ 33ರಷ್ಟು ಕುಸಿಯಿತು.

ಚಿತ್ರದ ದುಷ್ಪರಿಣಾಮದ ವಿಷಯದಲ್ಲಿ ಹೂಡಿಕೆದಾರರನ್ನು ದಾರಿತಪ್ಪಿಸಲಾಯಿತೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗವು ಆರೋಪಿಸಿತು. 2018ರಲ್ಲಿ ಸಂಸ್ಥೆ ಹಾಗೂ ಅದರ ಮಾಜಿ ಮುಖ್ಯಸ್ಥರು, ಆರೋಪವನ್ನು ಒಪ್ಪದೆಯೂ ಅಲ್ಲಗಳೆಯದೆಯೂ, 50 ಲಕ್ಷ ಡಾಲರ್‌ಗೂ ಅಧಿಕ ಮೊತ್ತ ತೆತ್ತು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡರು.

ಚೇತರಿಕೆ

2016ರ ಮಾರ್ಚ್‌ನಲ್ಲಿ ಸಂಸ್ಥೆಯು ಓರ್ಕಾಗಳ ಸಂತಾನಾಭಿವೃದ್ಧಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಸವಾರಿಗಳಿಗೂ ಕಡಲಜೀವಿಗಳ ರಕ್ಷಣಾ ಕಾರ್ಯಕ್ಕೂ ಪ್ರಚಾರದಲ್ಲಿ ಹೆಚ್ಚಿನ ಸ್ಥಾನ ದೊರೆಯಿತು. 2022ರಲ್ಲಿ ಸಮೂಹದ ಆದಾಯವು ಸುಮಾರು 173 ಕೋಟಿ ಡಾಲರ್ ತಲುಪಿತು. 2023ರಲ್ಲಿ ಅಬುಧಾಬಿಯಲ್ಲಿ ತೆರೆದ ಸೀವರ್ಲ್ಡ್‌ನಲ್ಲಿ ಓರ್ಕಾಗಳೇ ಇಲ್ಲ. ಭಾರತದಲ್ಲಿಯಾದರೋ, 2013ರ ಮೇ ತಿಂಗಳಿನಲ್ಲಿಯೇ ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅನುಮತಿ ನೀಡಬಾರದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವು ರಾಜ್ಯಗಳಿಗೆ ಸೂಚಿಸಿತು.

ನಮಗೇನು ಪಾಠ?

ನಮ್ಮ ಅನೇಕ ಸಣ್ಣ ಕೈಗಾರಿಕೆಗಳೂ ಒಬ್ಬನೇ ದೊಡ್ಡ ಖರೀದಿದಾರನನ್ನು ಅಥವಾ ಒಂದೇ ಉತ್ಪನ್ನವನ್ನು ನಂಬಿಕೊಂಡಿವೆ. ಆದ್ದರಿಂದ ಪ್ರತಿ ವರ್ಷ ಲೆಕ್ಕ ಮುಗಿಸುವಾಗ ಮೂರು ವಿಷಯಗಳನ್ನು ಗಮನಿಸುವುದು ಒಳಿತು. ಒಂದನೆಯದಾಗಿ, ಒಟ್ಟು ಮಾರಾಟದಲ್ಲಿ ಅತಿ ದೊಡ್ಡ ಗ್ರಾಹಕ ಅಥವಾ ಉತ್ಪನ್ನದ ಪಾಲು ಶೇಕಡಾ ಎಷ್ಟೆಂದು ಬರೆದಿಡಬೇಕು. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಲಾಭವಿರುವಾಗಲೇ ಎರಡನೆಯ ಆಸರೆಯನ್ನು ಹುಡುಕಿಕೊಳ್ಳಬೇಕು. ಎರಡನೆಯದಾಗಿ, ಬೆಂಕಿ ವಿಮೆಯು ಗೋದಾಮಿನ ನಷ್ಟವನ್ನು ತುಂಬಿಕೊಟ್ಟೀತು. ಕೆಟ್ಟ ಹೆಸರಿನಿಂದಾದ ನಷ್ಟವನ್ನು ತುಂಬಲಾರದು. ಕಾರ್ಮಿಕರ ಸುರಕ್ಷತೆ, ಸರಕಿನ ಗುಣಮಟ್ಟದ ಕುರಿತ ದೂರುಗಳನ್ನು ಕಡೆಗಣಿಸಬಾರದು. ಮೂರನೆಯದಾಗಿ, ವ್ಯಾಪಾರ ಕುಗ್ಗಿದಾಗ ಪಾಲುದಾರರಿಗೂ ಸಾಲ ನೀಡಿದ ಬ್ಯಾಂಕಿಗೂ ನಿಜವಾದ ಕಾರಣವನ್ನೇ ತಿಳಿಸಬೇಕು. ಕುಗ್ಗಿದ ಮಾರಾಟವನ್ನು ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು; ಮರೆಮಾಚಿದ ಲೆಕ್ಕದಿಂದ ಕಳೆದುಕೊಂಡ ನಂಬಿಕೆಯನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.